ಕಲಿಗನ್ನಡಿಯಲ್ಲಿ ಎಲ್ಲವೂ ಹಸಿರಾಗಿದ್ದಾಗ

ಗದಗ
ಫೆಬ್ರವರಿ ೩೦, ೨೨೧೪

ಕೆಲಸದ ಜಾಗಗಳಲ್ಲಿ ಕಲಿಸುವ ಕೆಲಸ ಮಾಡುತ್ತಿರುವ ಹಿಂದಿನವರೇ,

ಮೇಲಿನ ತಾರೀಕು ನೋಡಿ ಇವಳಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ಹಳೆಯ ಕಾಗದಪತ್ರ ಕಾಯುವ ನಮ್ಮ ಕಡತಮನೆಯವರು ಹೇಳಿದ್ದಾರೆ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ತೆಗೆದು ಈ ಬಡ ತಿಂಗಳಿಗೆ ಸೇರಿಸಿದರು. ಅದಕ್ಕಾಗಿ ದೊಡ್ಡ ಜಗಳವೇ ಆಗಿತ್ತಂತೆ. ಈಗ ಯಾರಿಗೂ ಅದರ ನೆನಪಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕಡತಮನೆಯ ಹುಡುಗಿಯೊಬ್ಬಳು ಪಕ್ಕದಲ್ಲಿ ಕುಳಿತು, ನಿಮಗೆ ತಿಳಿಯದ ಪದಗಳನ್ನು ಹೊಡೆದುಹಾಕಿ ಹಳೆಯ ಪದಗಳನ್ನು ಹಾಕಿಸಿದ್ದಾಳೆ. ಆದರೂ ಒಂದೆರಡು ಉಳಿದಿವೆ. ಅವುಗಳಿಗೆ ಬದಲಿ ಸಿಗಲಿಲ್ಲ. ಕ್ಷಮಿಸಿ.

ಇದನ್ನು ನಾವು ಹಿಂದೋಲೆ ಎನ್ನುತ್ತೇವೆ. ಹಿಂದಕ್ಕೆ ಹೋಗುವ ಓಲೆ. ಪ್ರತಿಯೊಂದು ಕಸುಬಿನವರ ಕೂಟಕ್ಕೂ ಒಂದೇ ಒಂದು ಹಿಂದೋಲೆ ಕಳಿಸುವ ಅವಕಾಶವಿದೆ. ಸೂಲಗಿತ್ತಿಯರು ತಮ್ಮದನ್ನು ಯಾವಾಗಲೋ ಕಳಿಸಿದರು, ಅಡುಗೆಯವರು ಹೋದ ವರ್ಷ ಕಳಿಸಿದರು. ಕಲಿಸುವವರ ಕೂಟ ಮಾತ್ರ ಏನು ಬರೆಯಬೇಕೆಂದು ತೀರ್ಮಾನಿಸಲಾಗದೆ ಬಹಳ ವರ್ಷ ಸುಮ್ಮನಿತ್ತು. ಕೊನೆಗೆ, ನಿಮ್ಮ ಕಾಲದ ಒಂದು ಪ್ರಶ್ನೆಗೇ ಉತ್ತರ ಬರೆಯೋಣ ಎಂದಾಯಿತು. ಕೆಲಸದ ಜಾಗದಲ್ಲಿ ಕಲಿಸಲೆಂದು ತಂದ ಯಂತ್ರಗಳು, ಅಲ್ಲಿ ಕಲಿಸುವ ತಂಡದವರಿಗೆ ಬೇಕಾದದ್ದನ್ನು ನಿಜವಾಗಿ ಕೊಡುತ್ತಿವೆಯೇ ಎಂದು ನೀವು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದಿರಂತೆ. ಇದಕ್ಕೆ ಹೌದು, ಇಲ್ಲ ಎಂದು ಒಂದು ಮಾತಿನ ಉತ್ತರ ಕೊಡಲು ನನಗೆ ಬರುವುದಿಲ್ಲ. ನಮ್ಮಲ್ಲಿ ಏನಾಯಿತು ಎಂಬುದನ್ನು ಹೇಳಬಲ್ಲೆ.

ನನ್ನ ಹೆಸರು ಸಾವಂತ್ರಿ ಹುಲಕೋಟಿ. ಕಪ್ಪತಗುಡ್ಡದ ಸಾಲಿನ ಉದ್ದಕ್ಕೂ ನಿಂತಿರುವ ಗಾಳಿಗಂಬಗಳನ್ನು ನೋಡಿಕೊಳ್ಳುವ ಮಂಡಳಿಯಲ್ಲಿ ಕಲಿಸುವವರ ಕೋಣೆಯ ಮುಖ್ಯಸ್ಥೆಯಾಗಿದ್ದೆ. ಗಾಳಿಯಿಂದ ಕರೆಂಟು ಮಾಡುವ ಇಂಥ ಕಂಬಗಳು ನಿಮ್ಮಲ್ಲೂ ಇದ್ದವು, ಆದರೆ ನಮ್ಮವು ಇನ್ನೂ ಎತ್ತರ. ಕಂಬದ ತುದಿಯಲ್ಲಿ ತಲೆಮನೆ ಎಂಬ ಪುಟ್ಟ ಕೋಣೆ ಇರುತ್ತದೆ. ಯಂತ್ರವೆಲ್ಲ ಅಲ್ಲೇ. ದುರಸ್ತಿಗೆ ಹೋಗುವವರು ಕಂಬದ ಹೊಟ್ಟೆಯೊಳಗಿನ ಏಣಿ ಹತ್ತಿ ತಲೆಮನೆ ಸೇರಬೇಕು. ಮೇಲೆ ಯಾರಿಗಾದರೂ ಪೆಟ್ಟಾದರೆ ಅವರನ್ನು ಏಣಿಯಿಂದ ಇಳಿಸಲು ಆಗುವುದಿಲ್ಲ, ಹಗ್ಗಕ್ಕೆ ಕಟ್ಟಿ ಹೊರಗಿನಿಂದ ಇಳಿಬಿಡಬೇಕು. ಹಾಗೆ ಇಳಿಬಿಡುವುದನ್ನು ಕಲಿಸುವುದೇ ನಮ್ಮ ಮುಖ್ಯ ಕೆಲಸ. ಸುತ್ತಲಿನ ಊರುಗಳಿಗೆ ದೀಪ, ನೀರು, ತಂಪು, ಬಿಸಿಲಡುಗೆ ಮನೆಗಳ ರಾತ್ರಿಯ ಬೆಂಕಿ ಎಲ್ಲವೂ ಈ ಕಂಬಗಳಿಂದಲೇ. ಬಿಸಿಲಡುಗೆ ಮನೆ ಎಂದರೆ ಓಣಿಗೊಂದರಂತೆ ಇರುವ ದೊಡ್ಡ ಅಡುಗೆಮನೆ. ಹಗಲು ಬಿಸಿಲಿನಲ್ಲಿ ಬೇಯುತ್ತದೆ, ಕತ್ತಲಾದ ಮೇಲೆ ಗಾಳಿಯ ಕರೆಂಟಿನಲ್ಲಿ. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಮ್ಮ ಕಾಲದ್ದೇ ಎಂದು ನನಗೆ ಅನಿಸುತ್ತದೆ.

ನಮ್ಮ ಕೋಣೆಯಲ್ಲಿ ಮೂವರಿದ್ದೆವು. ಹಗ್ಗದ ಪಾಠ ಹೇಳುವ ದಾವಲಸಾಬ ನದಾಫ, ಕಲಿಸುವ ಯಂತ್ರವನ್ನು ನೋಡಿಕೊಳ್ಳುವ ಇಂದುಧರ, ಮತ್ತು ನಾನು. ದಾವಲಸಾಬರನ್ನು ನಾನು ಅಣ್ಣ ಎನ್ನುತ್ತಿದ್ದೆ, ಕಲಿಯುವ ಹುಡುಗ ಹುಡುಗಿಯರೆಲ್ಲ ಮಾಮಾ ಎನ್ನುತ್ತಿದ್ದರು. ದಪ್ಪ ಮೀಸೆ, ಸಣ್ಣ ದನಿ. ಯಾರಾದರೂ ತಪ್ಪು ಗಂಟು ಹಾಕಿದರೆ ಬೈಯುವ ಬದಲು ಆ ಗಂಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ಊರಿನ ಗಂಟವ್ವಾ, ನಮ್ಮೂರಾಗ ಇಂಥದ್ದು ಕಂಡಿಲ್ಲಲಾ" ಎನ್ನುತ್ತಿದ್ದರು.

ಕಲಿಗನ್ನಡಿ ನಮ್ಮಲ್ಲಿಗೆ ಬಂದಾಗ ಅದನ್ನು ಮೊದಲು ಮೆಚ್ಚಿದವರೂ ದಾವಲಣ್ಣನೇ. ಕಲಿಗನ್ನಡಿ ಎಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಪಟ್ಟಿ, ಕೈಗೆ ಒಂದು ಜೊತೆ ತೆಳು ಗವಸು. ಕಟ್ಟಿಕೊಂಡರೆ ಮನೆಯ ಪಡಸಾಲೆಯಲ್ಲಿ ಕುಳಿತೇ ಕಂಬದ ತುದಿಯಲ್ಲಿ ನಿಂತಂತೆ ಆಗುತ್ತದೆ. ಗಾಳಿ ಬೀಸುತ್ತದೆ, ಹಗ್ಗ ಕೈಗೆ ಒರಟಾಗಿ ತಾಗುತ್ತದೆ, ಕಾಲು ಜಾರಿದರೆ ನೆಲವೇ ಎದುರಿಗೆ ನುಗ್ಗಿ ಬರುತ್ತದೆ. ಎಷ್ಟು ಸಲ ಬಿದ್ದರೂ ಯಾರಿಗೂ ಪೆಟ್ಟಿಲ್ಲ. ಹಿಂದೆ ವಾರಗಟ್ಟಲೆ ಗದಗಿನಲ್ಲಿ ಉಳಿದು ಕಲಿಯಬೇಕಾಗಿದ್ದವರು ಈಗ ಮುಂಡರಗಿ, ಶಿರಹಟ್ಟಿ ಕಡೆಯ ತಮ್ಮ ಊರಿನಲ್ಲೇ ಕುಳಿತು ಅರ್ಧ ಕಲಿತು ಬರುತ್ತಿದ್ದರು. ಎಳೆಮಕ್ಕಳ ತಾಯಂದಿರು ಈ ಕಸುಬಿಗೆ ಬಂದದ್ದೇ ಆಮೇಲೆ. ಈ ಯಂತ್ರದ ಬಗ್ಗೆ ಮುಂದೆ ನಾನು ಏನು ಹೇಳಿದರೂ ಈ ಮಾತನ್ನು ನೀವು ಮರೆಯಬಾರದು.

ತೊಂದರೆ ಇದ್ದದ್ದು ಬೇರೆ ಕಡೆ. ಕಲಿಯುವವರು ಪಾಠ ಮುಗಿಸಿದಾಗ ಅವರ ಹೆಸರಿನ ಮುಂದೆ ಹಸಿರು ಗುರುತು ಬೀಳುತ್ತಿತ್ತು. ನಮಗೆ ಕಾಣುತ್ತಿದ್ದದ್ದು ಆ ಹಸಿರು ಒಂದೇ. ಒಬ್ಬಳು ಹಗ್ಗ ಹಿಡಿಯುವ ಮುಂಚೆ ಅನುಮಾನಿಸಿದಳೇ, ಒಬ್ಬ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಡವಿ ಕೊನೆಗೆ ಅದೃಷ್ಟದಿಂದ ದಾಟಿದನೇ, ಅದೊಂದೂ ನಮಗೆ ತಿಳಿಯುತ್ತಿರಲಿಲ್ಲ. ಯಂತ್ರಕ್ಕೆ ಅದೆಲ್ಲ ಗೊತ್ತಿತ್ತು, ಆದರೆ ನಮಗೆ ಹೇಳುವಂತೆ ಅದನ್ನು ಕಟ್ಟಿರಲಿಲ್ಲ. ಮಂಡಳಿಯ ಸಭೆಯಲ್ಲಿ ಗೋಡೆಯ ತುಂಬ ತೋರಿಸಲು ಹಸಿರು ಸಾಕಾಗಿತ್ತು. ಎರಡನೆಯ ತೊಂದರೆ, ಪಾಠದಲ್ಲಿ ಒಂದು ಸಣ್ಣ ಬದಲಾವಣೆ ಬೇಕೆಂದರೂ ನಾವೇ ಮಾಡುವಂತಿರಲಿಲ್ಲ. ಇಂದುಧರ ಕೇಳಿಕೆ ಬರೆಯಬೇಕು, ಅದು ಮಂಡಳಿಗೆ ಹೋಗಬೇಕು, ಅಲ್ಲಿಂದ ಮಂಗಳೂರಿನಲ್ಲಿ ಯಂತ್ರ ಕಟ್ಟಿದವರಿಗೆ ಹೋಗಬೇಕು. ನಾವು ಕೇಳಿದ್ದು ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಕೇಳದೇ ಇದ್ದದ್ದು ಮಾತ್ರ ಬೇಗ ಬರುತ್ತಿತ್ತು. ಒಂದು ಬೇಸಿಗೆಯಲ್ಲಿ ಪಾಠ ಮುಗಿಸಿದವರಿಗೆ ಪದಕ ಬಂತು. ಮುಂದಿನ ಮಳೆಗಾಲಕ್ಕೆ, ಪದಕದ ಜೊತೆ ಕನ್ನಡಿಯೊಳಗೆ ಒಂದು ಹಕ್ಕಿ ಬಂದು ಹಾಡತೊಡಗಿತು.

"ಹಕ್ಕಿ ಚಲೋ ಹಾಡತೈತಿ ಬಿಡು," ಎಂದರು ದಾವಲಣ್ಣ. "ಆದ್ರ ನಾವು ಕೇಳಿದ್ದು ಬ್ರೇಕಿನ ಪಾಠ."

ಅವರು ಹೇಳಿದ್ದು ಹಗ್ಗದ ಬ್ರೇಕಿನ ಮಾತು. ಪೆಟ್ಟಾದವರನ್ನು ಇಳಿಬಿಡುವಾಗ ಹಗ್ಗವನ್ನು ಹಿಡಿದು ಬಿಡುವ ಸಲಕರಣೆ ಅದು. ಆ ವರ್ಷ ಕಂಬಗಳಿಗೆಲ್ಲ ಹೊಸ ಬ್ರೇಕು ಹಾಕಿದ್ದರು. ಹಳೆಯದರಲ್ಲಿ ಹಿಡಿಕೆಯನ್ನು ಪೂರ್ತಿ ಎಳೆದು ಹಿಡಿದರೆ ಮಾತ್ರ ಹಗ್ಗ ನಿಧಾನವಾಗಿ ಇಳಿಯುತ್ತಿತ್ತು, ಕೈ ಬಿಟ್ಟರೆ ಅಪಾಯ. ಹೊಸದು ಅದಕ್ಕೆ ತಿರುಗುಮುರುಗು. ಕೈ ಬಿಟ್ಟರೆ ತಾನೇ ಹಿಡಿದು ನಿಲ್ಲುತ್ತದೆ, ಅರ್ಧ ಎಳೆದರೆ ಇಳಿಯುತ್ತದೆ, ಗಾಬರಿಯಲ್ಲಿ ಪೂರ್ತಿ ಎಳೆದರೆ ಬಿಗಿದುಕೊಳ್ಳುತ್ತದೆ. ಹೊಸದೇ ಒಳ್ಳೆಯದು, ಅನುಮಾನವಿಲ್ಲ. ಆದರೆ ಕಲಿಗನ್ನಡಿಯಲ್ಲಿ ಇನ್ನೂ ಹಳೆಯದೇ ಇತ್ತು. ದಾವಲಣ್ಣ ಹೊಸ ಬ್ರೇಕನ್ನು ಕೋಣೆಯ ಕಿಟಕಿಗೆ ಕಟ್ಟಿ ಎಲ್ಲರಿಗೂ ತೋರಿಸಿದರು, ಎಲ್ಲರೂ ತಲೆಯಾಡಿಸಿದರು. ತಲೆಗೆ ಗೊತ್ತಾಯಿತು. ಕೈಗಳು ಮಾತ್ರ ದಿನಾ ಕನ್ನಡಿಯಲ್ಲಿ ಹಳೆಯದನ್ನೇ ಎಳೆಯುತ್ತಿದ್ದವು.

ಹೀಗಿರುವಾಗ ಮಂಡಳಿಯ ಅಧ್ಯಕ್ಷರಾದ ಚನ್ನವೀರಸ್ವಾಮಿ ಹಿರೇಮಠರು ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ. ಚಹಾ ತರಿಸಿಕೊಟ್ಟು, ಗೋಡೆಯ ಮೇಲಿನ ಹಸಿರನ್ನು ತೋರಿಸಿದರು.

"ಕನ್ನಡಿ ಇಷ್ಟು ಚಂದ ಕಲಿಸಾಕತ್ತೈತಿ ನೋಡ್ರಿ ಸಾವಂತ್ರಿಯವರ. ಒಬ್ಬರೂ ಕೆಂಪು ಇಲ್ಲ. ಅಂದಮ್ಯಾಲೆ ಅಲ್ಲಿ ಮೂರು ಮಂದಿ ಕುಂತು ಮಾಡೂದರ ಏನು?"

"ಸಾಹೇಬ್ರ, ಹಸಿರು ಅಂದ್ರ ಪಾಠ ಮುಗಿಸ್ಯಾರ ಅಂತ. ಕೆಲಸ ಬರತೈತಿ ಅಂತ ಅಲ್ರಿ."

"ಎರಡಕ್ಕೂ ಏನ ಫರಕು?" ಎಂದರು. ನಿಜಕ್ಕೂ ತಿಳಿಯದೆ ಕೇಳಿದ್ದರು. ನಾನು ವಿವರಿಸತೊಡಗಿದೆ, ಅಷ್ಟರಲ್ಲಿ ಮತ್ತೊಂದು ಸಭೆಗೆ ಹೊತ್ತಾಯಿತು. ಯುಗಾದಿಯಿಂದ ಕಲಿಸುವವರ ಕೋಣೆ ಮುಚ್ಚುವುದು, ನಮ್ಮ ಮೂವರನ್ನೂ ದುರಸ್ತಿಯ ತಂಡಗಳಿಗೆ ಹಂಚುವುದು ಎಂದು ತೀರ್ಮಾನವಾಗಿತ್ತು. ಕನ್ನಡಿ ಕಟ್ಟಿದವರೊಬ್ಬರು ಮಂಗಳೂರಿನಿಂದ ಬರುತ್ತಾರೆ, ಅವರಿಗೆ ಒಂದು ಕಂಬ ಹತ್ತಿಸಿ ತೋರಿಸಿ ಎಂದೂ ಹೇಳಿದರು.

ಬಂದವಳು ಪ್ರೇಮಲತಾ ಕೋಟ್ಯಾನ್. ಮೂವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಅವಳು ಗದಗಿಗೆ ಬಂದಿಳಿದದ್ದು ಸರಿಯಾಗಿ ನೆರಳುಹೊತ್ತಿಗೆ. ನಡು ಮಧ್ಯಾಹ್ನ ಬಯಲಿನಲ್ಲಿ ಯಾರೂ ಕೆಲಸ ಮಾಡಬಾರದೆಂದು ನಮ್ಮಲ್ಲಿ ಕಾನೂನಿದೆ, ಆ ಹೊತ್ತಿಗೆ ನೆರಳುಹೊತ್ತು ಎಂದು ಹೆಸರು. ಆಗ ಇಡೀ ಊರು ಮಲಗಿರುತ್ತದೆ, ನಾಯಿಗಳೂ ಸಹ. ಪಾಪ, ಅವಳನ್ನು ಕರೆಯಲು ಯಾರೂ ಹೋಗಿರಲಿಲ್ಲ. ತಾನೇ ನಡೆದು ಬಂದು, ನಮ್ಮ ಕೋಣೆಯ ಬಾಗಿಲಲ್ಲಿ ಬೆವರಿ ನಿಂತಿದ್ದಳು. ನಮ್ಮ ಕೋಣೆ ಮುಚ್ಚಿಸಲು ಬಂದವಳೆಂದು ನನಗೆ ಸಿಟ್ಟಿತ್ತು. ಆದರೂ ನೀರು ಕೊಟ್ಟೆ. ದಾವಲಣ್ಣ ಎದ್ದು ಚಾಪೆ ಹಾಸಿದರು.

"ನಾನು ಕಂಬ ನೋಡಿದ್ದು ಎಲ್ಲ ಕನ್ನಡಿಯಲ್ಲೇ," ಎಂದಳು. "ಪಾಠ ಬರೆದದ್ದು ನಾನೇ. ಎಲ್ಲದರಲ್ಲಿಯೂ ನನಗೆ ಹಸಿರು ಉಂಟು. ಒಮ್ಮೆ ನಿಜವಾಗಿ ಹತ್ತಬೇಕು ಅಂತ ಆಸೆ."

ಮರುದಿನ ಬೆಳಿಗ್ಗೆ ಹತ್ತುವುದೆಂದಾಯಿತು. ಕಲಿಯುವವರ ಪೈಕಿ ನಿಂಬೆವ್ವನನ್ನೂ ಜೊತೆಗೆ ಕಳಿಸಿದೆ. ನಿಂಬೆವ್ವ ಡಂಬಳದ ಕಡೆಯವಳು, ಆ ತಂಡದಲ್ಲಿ ಕನ್ನಡಿಯ ಪಾಠಗಳನ್ನು ಎಲ್ಲರಿಗಿಂತ ಮೊದಲು ಮುಗಿಸಿದವಳು. ಅವಳಿಗೆ ಬಂದ ಪದಕಗಳನ್ನು ಅವಳ ಅತ್ತೆ ಓಣಿಯವರಿಗೆಲ್ಲ ತೋರಿಸುತ್ತಿದ್ದಳಂತೆ. ಕಲಿಸುವವರಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ ಇರಬೇಕೆಂಬುದು ನಮ್ಮ ಪದ್ಧತಿ. ದಾವಲಣ್ಣ ಇಬ್ಬರನ್ನೂ ಕರೆದುಕೊಂಡು ಏಣಿ ಹತ್ತಿದರು, ನಾನು ಕಂಬದ ಬುಡದಲ್ಲಿ ನಿಂತೆ. ಕಿವಿಯಲ್ಲಿ ಮಾತಿನ ಯಂತ್ರವಿತ್ತು, ಅವರ ಉಸಿರೂ ನನಗೆ ಕೇಳುತ್ತಿತ್ತು.

ತಲೆಮನೆ ಸೇರಿ ಸ್ವಲ್ಪ ಹೊತ್ತು ಎಲ್ಲವೂ ಚೆನ್ನಾಗಿತ್ತು. ಪ್ರೇಮಲತಾ ಮಗುವಿನ ಹಾಗೆ ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದಳೆಂದು ಕಾಣುತ್ತದೆ, "ಇದು ಇಷ್ಟು ತಣ್ಣಗೆ ಉಂಟು ಅಂತ ಗೊತ್ತಿರಲಿಲ್ಲ" ಎನ್ನುವುದು ಕೇಳಿಸಿತು. ದಾವಲಣ್ಣ ಗುಡ್ಡದ ಸಾಲು ತೋರಿಸಲೆಂದು ಮೇಲಿನ ಮುಚ್ಚಳ ತೆರೆದರು. ಆಗ ಬಂತು ಸುಳಿಗಾಳಿ. ಆ ದಿನ ಅದರ ಸೂಚನೆಯೇ ಇರಲಿಲ್ಲ. ಕಬ್ಬಿಣದ ಮುಚ್ಚಳ ಬೀಸಿ ಬಂದು ಅವರ ಭುಜಕ್ಕೆ ಬಡಿಯಿತು. ಆ ಸದ್ದು ನನಗೆ ಕೆಳಗೆ ಕೇಳಿಸಿತು. ಆಮೇಲೆ ಅವರ ದನಿ, ಎಂದಿನಂತೆ ಸಣ್ಣಗೆ.

"ಸಾವಂತ್ರವ್ವಾ, ನನ್ನ ಬಲಗೈ ಕೆಲಸ ಬಿಟ್ಟೈತಿ. ಏಣಿ ಇಳ್ಯಾಕ ಆಗೂದಿಲ್ಲ. ಹಗ್ಗದ ಮ್ಯಾಲೆ ಇಳೀತೀನಿ. ನಿಂಬೆವ್ವ ಇಳಸ್ತಾಳ."

ಕೋಣೆಯಲ್ಲಿದ್ದ ಇಂದುಧರನನ್ನು ಕರೆಸಿ ಮೇಲೆ ಕಳಿಸಬಹುದಿತ್ತು, ಆದರೆ ಗಾಳಿ ಏರುತ್ತಿತ್ತು, ದಾವಲಣ್ಣನ ಮಾತು ತೊದಲತೊಡಗಿತ್ತು. ನಿಂಬೆವ್ವ ಪಟ್ಟಿಗಳನ್ನು ಕಟ್ಟಿದಳು, ಗಂಟು ಹಾಕಿದಳು. ಎಲ್ಲ ಸರಿಯಾಗಿತ್ತು, ಒಂದೊಂದನ್ನೂ ಬಾಯಲ್ಲಿ ಹೇಳಿ ಮಾಡಿದಳು. ದಾವಲಣ್ಣ ಹೊರಗೆ ಬಂದು ಹಗ್ಗಕ್ಕೆ ತೂಗಿದ್ದನ್ನು ನಾನು ಕೆಳಗಿನಿಂದ ಕಂಡೆ. ಒಂದಾಳುದ್ದ ಇಳಿದರು. ಆಮೇಲೆ ನಿಂತುಬಿಟ್ಟರು. ಗಾಳಿ ಅವರನ್ನು ಕಂಬದಿಂದ ಆಚೆಗೂ ಈಚೆಗೂ ತೂಗಾಡಿಸುತ್ತಿತ್ತು.

"ಅಕ್ಕಾರ, ಇಳೀವಲ್ದು," ಎಂದಳು ನಿಂಬೆವ್ವ. "ಪೂರಾ ಎಳದೀನಿ. ಇಳೀವಲ್ದು."

ನನಗೆ ತಕ್ಷಣ ತಿಳಿಯಿತು. ಬ್ರೇಕು ಬಿಗಿದುಕೊಂಡಿತ್ತು. ಅವಳು ಹೆದರಿ ಇನ್ನೂ ಜೋರಾಗಿ ಎಳೆಯುತ್ತಿದ್ದಳು, ಅದು ಇನ್ನೂ ಬಿಗಿಯುತ್ತಿತ್ತು.

"ನಿಂಬೆವ್ವಾ, ಕೈ ಬಿಡು," ಎಂದೆ.

ಹಿಡಿಕೆ ಮತ್ತೊಮ್ಮೆ ಕಿರುಗುಟ್ಟಿದ್ದು ನನಗೆ ಕೇಳಿಸಿತು.

"ಹೊಸಾ ಬ್ರೇಕು ಅದು. ಕಿಟಕಿಗೆ ಕಟ್ಟಿ ತೋರಿಸಿದ್ದರಲ್ಲ, ಅದು. ನೀ ಕೈ ಬಿಟ್ರ ತಾನ ಹಿಡೀತೈತಿ. ಮಾಮಾ ಎಲ್ಲೂ ಹೋಗೂದಿಲ್ಲ. ಒಮ್ಮೆ ಪೂರಾ ಕೈ ಬಿಡವ್ವಾ."

"ಬಿಟ್ರ ಬೀಳ್ತಾರ್ರೀ," ಎಂದಳು. ಅಳುತ್ತಿರಲಿಲ್ಲ, ಆದರೆ ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. "ಬಿಟ್ರ ಬೀಳ್ತಾರ. ನಾ ನೋಡೀನಿ."

ಅವಳು ನಿಜವಾಗಿಯೂ ನೋಡಿದ್ದಳು. ಕನ್ನಡಿಯಲ್ಲಿ ಕೈ ಬಿಟ್ಟಾಗಲೆಲ್ಲ ಹಗ್ಗದ ತುದಿಯ ಮನುಷ್ಯ ಕೂಗುತ್ತಾ ಕೆಳಗೆ ಹೋಗುವುದನ್ನು ಎಷ್ಟೋ ಸಲ ನೋಡಿ, ಮತ್ತೆಂದೂ ಬಿಡದಂತೆ ಕೈಗಳಿಗೆ ಕಲಿಸಿದ್ದಳು. ನಾನು ಬುಡದಲ್ಲಿ ನಿಂತು ಏನು ಹೇಳಿದರೂ ಅದು ಅವಳ ಕೈಗಳಿಗೆ ತಲುಪುತ್ತಿರಲಿಲ್ಲ. ಆಗ ಪ್ರೇಮಲತಾ ಮಾತಾಡಿದಳು. ಅವಳು ತಲೆಮನೆಯ ಮೂಲೆಯಲ್ಲಿ ಅಲ್ಲಿನ ಯಂತ್ರವನ್ನು ಬಿಗಿಯಾಗಿ ಹಿಡಿದು ಕುಳಿತಿದ್ದವಳು, ತೆವಳಿಕೊಂಡು ನಿಂಬೆವ್ವನ ಪಕ್ಕಕ್ಕೆ ಬಂದಿದ್ದಳಂತೆ.

"ನಿಂಬೆವ್ವ, ಇಲ್ಲಿ ನೋಡಿ. ಆ ಪಾಠ ಬರೆದದ್ದು ನಾನು. ಕೈ ಬಿಟ್ಟರೆ ಬೀಳುವ ಹಾಗೆ ಮಾಡಿದ್ದೂ ನಾನೇ. ಅದು ಹಳೆ ಬ್ರೇಕಿನದ್ದು. ಇದರ ಪಾಠ ನಾನು ಬರೆಯಲೇ ಇಲ್ಲ. ಈಗ ಅಕ್ಕ ಹೇಳಿದ ಹಾಗೆ ಮಾಡುವ. ನಾನೂ ನಿಮ್ಮ ಕೈ ಮೇಲೆ ಕೈ ಇಡುತ್ತೇನೆ. ಒಟ್ಟಿಗೆ ಬಿಡುವ."

ನೇತಾಡುತ್ತಿದ್ದ ದಾವಲಣ್ಣ ಅಲ್ಲಿಂದಲೇ ಹೇಳಿದರು: "ಲಗೂನ ಬಿಡ್ರೆವ್ವಾ. ಇಲ್ಲಿ ನೋಡಾಕ ಭಾಳ ಏನಿಲ್ಲ."

ಇಬ್ಬರೂ ಕೈ ಬಿಟ್ಟರು. ದಾವಲಣ್ಣ ಒಂದಿಷ್ಟೂ ಕದಲಲಿಲ್ಲ, ಇದ್ದಲ್ಲೇ ಇದ್ದರು. ನಿಂಬೆವ್ವ ಉದ್ದಕ್ಕೆ ಉಸಿರು ಬಿಟ್ಟದ್ದು ನನ್ನ ಕಿವಿ ತುಂಬಿತು. "ಈಗ ಅರ್ಧ ಎಳಿ, ಸಾವಕಾಶ," ಎಂದೆ. ಎಳೆದಳು. ಹಗ್ಗ ಇಳಿಯಿತು. ನಡುವೆ ಎರಡು ಸಲ ತಾನಾಗಿಯೇ ಕೈ ಬಿಟ್ಟು, ನಿಲ್ಲುತ್ತದೆಂದು ಖಾತ್ರಿ ಮಾಡಿಕೊಂಡು, ಮತ್ತೆ ಇಳಿಸಿದಳು. ದಾವಲಣ್ಣನ ಕಾಲು ನೆಲಕ್ಕೆ ತಾಗಿದಾಗ ನಾನು ಅವರನ್ನು ತಬ್ಬಿಕೊಂಡೆ. ಅವರು ಮುಖ ಕಿವಿಚಿ, "ಆ ಭುಜ ಅಲ್ಲವ್ವಾ, ಈ ಕಡೆ," ಎಂದರು.

ಮೂಳೆ ಜರುಗಿತ್ತು, ಮುರಿದಿರಲಿಲ್ಲ. ಆಸ್ಪತ್ರೆಯಲ್ಲಿ ಅದನ್ನು ಕೂಡಿಸಿ, ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಗೆ ಹಾಕಿ ಕಳಿಸಿದರು.

ಸಂಜೆ ಪ್ರೇಮಲತಾ ಊರಿಗೆ ಹೊರಡುತ್ತಾಳೆಂದು ನಾನು ತಿಳಿದಿದ್ದೆ. ಅವಳು ಹೊರಡಲಿಲ್ಲ. ನಮ್ಮ ಓಣಿಯ ಬಿಸಿಲಡುಗೆ ಮನೆಗೆ ಬಂದು, ನಮ್ಮ ಜೊತೆ ಸಾಲಿನಲ್ಲಿ ಕುಳಿತು, ರೊಟ್ಟಿ, ಅಗಸಿ ಚಟ್ನಿ, ಹೆಸರುಕಾಳಿನ ಪಲ್ಯ ಉಂಡಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಎಲೆ ಬಿಟ್ಟು ಏಳಲಿಲ್ಲ. ಉಂಡು ಕೈ ತೊಳೆದು ಬಂದು, ನಮ್ಮ ಮೂವರನ್ನೂ ನೋಡಿ ಕೇಳಿದಳು:

"ನಿಮಗೆ ಎಂತ ಬೇಕು?"

ವರ್ಷಗಟ್ಟಲೆ ಕೇಳಿಕೆ ಬರೆದ ಇಂದುಧರನೂ, ಅವಳು ಎದುರಿಗೆ ಕುಳಿತು ಕೇಳಿದಾಗ ದಾವಲಣ್ಣನ ಕಡೆ ನೋಡಿದ. ದಾವಲಣ್ಣ ಎಡಗೈಯಿಂದ ಮೀಸೆ ಸವರಿಕೊಂಡು, "ತಡಿಯವ್ವಾ, ಹಿಂಗ ಯಾರೂ ಕೇಳಿಲ್ಲ. ಸ್ವಲ್ಪ ವಿಚಾರ ಮಾಡಿ ಹೇಳ್ತೀವಿ," ಎಂದರು.

"ನಿಮ್ಮ ಕೇಳಿಕೆ ಒಂದೂ ನನ್ನ ಹತ್ತಿರ ಬಂದಿಲ್ಲ," ಎಂದಳು ಅವಳು. "ನಮಗೆ ಸಭೆ ಯಾವಾಗಲೂ ಮಂಡಳಿಯವರ ಜೊತೆ. ಅವರು ಎಲ್ಲರೂ ಮುಗಿಸಿದರಾ ಅಂತ ಕೇಳುತ್ತಿದ್ದರು, ನಾವು ಅದನ್ನೇ ಚಂದ ಮಾಡಿ ಕೊಡುತ್ತಿದ್ದೆವು. ಕಲಿಯುವವರಿಗೆ ಖುಷಿ ಆಗಬೇಕು ಅಂತ ಹಕ್ಕಿ ಮಾಡಿದೆವು. ನಡುವಿನಲ್ಲಿ ನೀವು ಇದ್ದೀರಿ ಅಂತ ನಮಗೆ ಯಾರೂ ಹೇಳಲಿಲ್ಲ ಮಾರಾಯ್ರೆ."

ಅವಳ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು. ಮುಂದಿನ ಎಷ್ಟೋ ದಿನ ಅವಳು ನಮ್ಮ ಕೋಣೆಯಲ್ಲೇ ಕುಳಿತಳು. ನಾವು ಪಾಠ ಹೇಳುವುದನ್ನು ನೋಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ನೆರಳುಹೊತ್ತಿನಲ್ಲಿ ನಾವು ಮಲಗಿದರೆ ಅವಳು ಹೊಸ ಬ್ರೇಕನ್ನು ಕಿಟಕಿಯಲ್ಲಿ ಎಳೆದು ಬಿಟ್ಟು, ಎಳೆದು ಬಿಟ್ಟು ಕೂರುತ್ತಿದ್ದಳು. ಅದರ ಟಕ್ ಟಕ್ ಸದ್ದಿಗೆ ನನಗೆ ನಿದ್ದೆ ಹತ್ತದೆ ಒಂದು ದಿನ ಗದರಿಸಿದ್ದೂ ಉಂಟು. ಹಾಗೆ ಹಾಗೆ ನಮಗೇ ತಿಳಿಯುತ್ತಾ ಬಂತು ನಮಗೆ ಏನು ಬೇಕೆಂದು. ಕಲಿಯುವವರು ಎಲ್ಲಿ ನಿಂತರು, ಎಲ್ಲಿ ಕೈ ಹಿಂದೆಗೆದರು ಎಂಬುದು ನಮಗೆ ಕಾಣಬೇಕು. ಸಲಕರಣೆ ಬದಲಾದ ದಿನವೇ ಪಾಠವನ್ನೂ ಬದಲಿಸುವ ಅಧಿಕಾರ ನಮ್ಮ ಕೋಣೆಗೆ ಬೇಕು. ಮತ್ತೆ, ಕನ್ನಡಿಯಲ್ಲಿ ಮುಗಿಸಿ ಬಂದವರ ಜೊತೆ ನಿಜವಾದ ಹಗ್ಗ ಹಿಡಿದು ಕಳೆಯಲು ನಮಗೆ ಹೊತ್ತು ಬೇಕು.

ಇದನ್ನೆಲ್ಲ ಮಂಡಳಿಯ ಸಭೆಯಲ್ಲಿ ಹೇಳಲು ಹೋದೆವು. ನಿಂಬೆವ್ವ ತಾನೂ ಬರುತ್ತೇನೆಂದಳು. ಹಿರೇಮಠರಿಗೆ ಕಂಬದ ಮೇಲೆ ನಡೆದದ್ದು ತಿಳಿದಿತ್ತು. ಆದರೂ ಗೋಡೆಯ ಕಡೆ ಕೈ ತೋರಿಸಿ, ಸ್ವಲ್ಪ ನೊಂದವರ ಹಾಗೆ, "ಎಲ್ಲಾ ಹಸಿರು ಇತ್ತಲ್ರೀ," ಎಂದರು.

ನಾನು ಉತ್ತರಿಸುವ ಮೊದಲು ನಿಂಬೆವ್ವ ಎದ್ದು ನಿಂತಳು.

"ನನ್ನ ಹೆಸರಿನ ಮುಂದ ಹಸಿರು ಇತ್ರಿ ಸಾಹೇಬ್ರ. ನನ್ನ ಕೈಯಾಗ ಇರಲಿಲ್ರಿ."

ಹಿರೇಮಠರು ಗೋಡೆಯ ಕಡೆಗಿದ್ದ ಕೈ ಇಳಿಸಿ ಅವಳ ಕಡೆ ತಿರುಗಿದರು. ಹಿಂದೊಮ್ಮೆ ನನ್ನನ್ನು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನನಗೆ ಅನಿಸಿತು. ಆ ದಿನ ತೀರ್ಮಾನವೇನೂ ಆಗಲಿಲ್ಲ. ಯುಗಾದಿ ಬಂತು, ಹೋಯಿತು, ನಮ್ಮ ಕೋಣೆಯ ಬಾಗಿಲಿಗೆ ಯಾರೂ ಬೀಗ ಹಾಕಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ತಾವೇ ನಮ್ಮಲ್ಲಿಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕುಳಿತು, ಬೇಕೆಂದದ್ದರಲ್ಲಿ ಹೆಚ್ಚಿನದನ್ನು ಕೊಡುತ್ತೇನೆಂದರು. ಎಲ್ಲವನ್ನೂ ಅಲ್ಲ. ನಾವು ಬೇಡವೆಂದಿದ್ದ ಪದಕ, ಹಕ್ಕಿ ತೆಗೆಯುವುದಕ್ಕೆ ಒಪ್ಪಲಿಲ್ಲ, ಮಂದಿಗೆ ಅದು ಸೇರುತ್ತದೆ ಎಂದರು. ಅವರು ಹೇಳಿದ್ದೂ ಸುಳ್ಳಲ್ಲ. ದಾವಲಣ್ಣನಿಗೇ ಆ ಹಕ್ಕಿ ಸೇರುತ್ತಿತ್ತು. ಭುಜ ವಾಸಿಯಾದ ಮೇಲೆ ಅದರ ಹಾಡನ್ನು ಶಿಳ್ಳೆ ಹೊಡೆಯುತ್ತಾ ಏಣಿ ಹತ್ತುತ್ತಿದ್ದರು.

ಪ್ರೇಮಲತಾ ಮಂಗಳೂರಿಗೆ ಹೋಗಿ ಕನ್ನಡಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು. ಅದರೊಳಗೆ ಕಲಿಸುವವರಿಗೆಂದೇ ಒಂದು ಪುಟ ಬಂತು. ಅಲ್ಲಿ ಹಸಿರೂ ಇಲ್ಲ, ಕೆಂಪೂ ಇಲ್ಲ. ಶಿರಹಟ್ಟಿಯ ಒಬ್ಬ ಹುಡುಗಿ ಇವತ್ತು ಮೂರನೆಯ ಗಂಟಿನ ಮುಂದೆ ಎಷ್ಟು ಹೊತ್ತು ಸುಮ್ಮನೆ ಕುಳಿತಿದ್ದಳು ಎಂಬುದು ಅಲ್ಲಿ ಕಾಣುತ್ತದೆ. ಅದನ್ನು ನೋಡಿ ನಾವು ಅವಳಿಗೆ ಫೋನು ಮಾಡಿ, ಏನವ್ವಾ, ಏನು ಸಮಸ್ಯೆ ಎಂದು ಕೇಳುತ್ತೇವೆ. ಒಮ್ಮೊಮ್ಮೆ ಸಮಸ್ಯೆ ಗಂಟಿನದಾಗಿರುವುದಿಲ್ಲ, ಮಗುವಿಗೆ ಜ್ವರ ಬಂದಿರುತ್ತದೆ. ಆ ಪುಟ ಮಂಡಳಿಗೆ ಕಾಣುವುದಿಲ್ಲ. ಕಲಿಯುವವರು ತಡವರಿಸಿದ್ದು ಅವರ ಮತ್ತು ಕಲಿಸುವವರ ನಡುವೆಯೇ ಉಳಿಯಬೇಕೆಂದು ನಿಂಬೆವ್ವ ಹಟ ಹಿಡಿದಿದ್ದಳು. ಇವತ್ತಿಗೂ ಅದು ಹಾಗೇ ಇದೆ. ನಾಲ್ಕಾರು ವರ್ಷಗಳಲ್ಲಿ ಬೇರೆ ಕಸುಬುಗಳವರೂ ಅದನ್ನು ತರಿಸಿಕೊಂಡರು, ನೀರಿನ ಮನೆಯವರು, ಆಸ್ಪತ್ರೆಯವರು, ನೆಲ ಮುಟ್ಟದೆ ಹೋಗುವ ತೇಲುಬಂಡಿ ಓಡಿಸುವವರು. ಪ್ರತಿಯೊಬ್ಬರೂ ತಮ್ಮ ಕಲಿಸುವವರ ಕೋಣೆಯಲ್ಲಿ ಪ್ರೇಮಲತಾಳನ್ನು ಒಂದಷ್ಟು ದಿನ ಕೂರಿಸಿಕೊಳ್ಳಬೇಕಾಯಿತು. ಅದಿಲ್ಲದೆ ಅವಳು ಕೆಲಸಕ್ಕೆ ಒಪ್ಪುತ್ತಿರಲಿಲ್ಲ.

ದಾವಲಣ್ಣ ಈಗಿಲ್ಲ. ವಯಸ್ಸಾಗಿ, ಮನೆಯ ಕಟ್ಟೆಯ ಮೇಲೆ, ಮೊಮ್ಮಕ್ಕಳಿಗೆ ಹಗ್ಗದ ಜೋಕಾಲಿ ಕಟ್ಟಿಕೊಡುತ್ತಾ ಕೊನೆಯ ದಿನಗಳನ್ನು ಕಳೆದರು. ಈಗ ನಮ್ಮ ಕೋಣೆಯ ಮುಖ್ಯಸ್ಥೆ ನಿಂಬೆವ್ವ. ನನಗಿಂತ ಚೆನ್ನಾಗಿ ನಡೆಸುತ್ತಾಳೆ. ಹೊಸಬರಿಗೆ ಮೊದಲ ಪಾಠವಾಗಿ ಅವಳು ಕೈ ಬಿಡುವುದನ್ನೇ ಕಲಿಸುತ್ತಾಳೆ. ಯಾಕೆಂದು ಯಾರಾದರೂ ಕೇಳಿದರೆ ತನ್ನ ಕತೆಯನ್ನು ಒಂದಕ್ಷರವೂ ಮುಚ್ಚಿಡದೆ ಹೇಳುತ್ತಾಳೆ.

ನಿಮ್ಮ ಪ್ರಶ್ನೆಗೆ ಇದೇ ನಮ್ಮ ಉತ್ತರ. ನಿಮ್ಮ ಯಂತ್ರಗಳು ಒಳ್ಳೆಯವೇ ಇರಬಹುದು. ಅವುಗಳನ್ನು ಕೊಳ್ಳುವವರಿಗೆ ಏನು ಬೇಕೆಂದು ಅವಕ್ಕೆ ಚೆನ್ನಾಗಿ ಗೊತ್ತಿರುತ್ತದೆ, ಕಲಿಯುವವರಿಗೆ ಏನು ಖುಷಿ ಎಂಬುದೂ ಗೊತ್ತಿರುತ್ತದೆ. ಅವುಗಳನ್ನು ಕಟ್ಟಿದವರು ಕಲಿಸುವವರನ್ನು ಕೇಳಿದ್ದಾರೆಯೇ ಎಂದು ಮಾತ್ರ ನೋಡಿ. ಕೇಳಿರದಿದ್ದರೆ, ನಿಮ್ಮಲ್ಲಿ ಯಾರಿಗೆ ಆ ಅಧಿಕಾರವಿದೆಯೋ ಅವರು ದಯವಿಟ್ಟು ಹೋಗಿ ಕೇಳಿ. ಕಲಿಸುವವರು ಒಡನೆಯೇ ಉತ್ತರ ಹೇಳಲಾರರು. ಎದ್ದು ಹೋಗಬೇಡಿ, ಸ್ವಲ್ಪ ಕೂತಿರಿ. ನಿಮ್ಮ ಕಾಲದಲ್ಲಿ ಇದು ಆಗಿಬಿಟ್ಟರೆ ಈ ಓಲೆ ಬರೆಯುವ ಕೆಲಸವೇ ನನಗೆ ಬರುವುದಿಲ್ಲ ಎಂದು ಕಡತಮನೆಯ ಹುಡುಗಿ ನಗುತ್ತಿದ್ದಾಳೆ. ಬಾರದಿದ್ದರೆ ನನಗೆ ಬೇಸರವಿಲ್ಲ.

ಇನ್ನು ನಿಲ್ಲಿಸಬೇಕು. ಇವತ್ತು ಗಾಳಿ ತಗ್ಗಿದೆ, ಹೊಸ ತಂಡ ಮೊದಲ ಸಲ ಕಂಬ ಹತ್ತುತ್ತದೆ. ನಿಂಬೆವ್ವ ಆಗಲೇ ಎರಡು ಸಲ ಬಾಗಿಲಿಗೆ ಬಂದು ಹೋದಳು. ನನ್ನ ಮೊಣಕಾಲು ಏಣಿಗೆ ಒಪ್ಪುವುದಿಲ್ಲ, ಬುಡದಲ್ಲಿ ನಿಲ್ಲುವುದಷ್ಟೇ ನನ್ನ ಪಾಲಿನ ಕೆಲಸ. ತಲೆಮನೆಯ ಕಿಂಡಿಯಿಂದ ಕೊನೆಯವಳು ಕೈ ಬೀಸುವವರೆಗೂ ಕತ್ತೆತ್ತಿ ನೋಡುತ್ತಾ ನಿಂತಿರುತ್ತೇನೆ. ಕತ್ತು ನೋಯುತ್ತದೆ. ಆದರೆ ಅಷ್ಟು ಎತ್ತರದಲ್ಲಿ ಕಾಣುವ ಒಂದು ಸಣ್ಣ ಕೈಯಷ್ಟು ಚಂದದ್ದು ಈ ವಯಸ್ಸಿನಲ್ಲಿ ನನಗೆ ಬೇರೆ ಯಾವುದೂ ಇಲ್ಲ.

ಚೆನ್ನಾಗಿರಿ. ಚೆನ್ನಾಗಿ ಕಲಿಸಿ.

ನಿಮ್ಮ ಕಸುಬಿನವಳೇ ಆದ
ಸಾವಂತ್ರಿ ಹುಲಕೋಟಿ